ಕ್ಯೂ ಫೈಲ್: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅನಿಸಿಕೆ

ನನ್ನ ಹಳೆಯ ಪ್ಲೇಸ್ಟೇಷನ್, ಸೆಗಾ ಸ್ಯಾಟರ್ನ್ ಡಿಸ್ಕ್‌ಗಳನ್ನು ಕಂಪ್ಯೂಟರ್‌ಗೆ ನಕಲು ಮಾಡಿಕೊಂಡು ಎಮ್ಯುಲೇಟರ್‌ನಲ್ಲಿ (ಹಳೆಯ ಗೇಮ್ ಯಂತ್ರದಂತೆ ಕೆಲಸ ಮಾಡುವ ತಂತ್ರಾಂಶ) ಆಡುತ್ತಾ ವರ್ಷಗಳೇ ಆದವು. ಹಾಗೆ ನಕಲು ಮಾಡಿದಾಗ, ಡಿಸ್ಕ್‌ನ ಡೇಟಾ ಇರುವ ದೊಡ್ಡ ಬಿನ್ (.bin) ಫೈಲ್ ಜೊತೆ ಬರುವ ಪುಟ್ಟ ಕ್ಯೂ (.cue) ಫೈಲನ್ನು ಎಷ್ಟೋ ಜನ ಬೇಡವೆಂದು ಅಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಅದು ಬರೀ ಟೆಕ್ಸ್ಟ್. ನೋಟ್‌ಪ್ಯಾಡ್‌ನಲ್ಲೇ ತೆರೆದು ಓದಬಹುದು. ಯಾವ ಟ್ರ್ಯಾಕ್ ಡೇಟಾ, ಯಾವುದು ಆಡಿಯೋ, ಯಾವುದು ಎಲ್ಲಿ ಶುರು, ಎಲ್ಲವೂ ಅದರಲ್ಲಿದೆ. ಎಲ್ಲಿ ಶುರು ಎಂಬ ಲೆಕ್ಕ ನಿಮಿಷ, ಸೆಕೆಂಡ್, ಫ್ರೇಮ್‌ನಲ್ಲಿ. ಸೆಕೆಂಡಿಗೆ 75 ಫ್ರೇಮ್. ಪ್ಲೇಸ್ಟೇಷನ್ ಡಿಸ್ಕ್ ಆದರೆ ಡೇಟಾ ಟ್ರ್ಯಾಕ್ ಪಕ್ಕದಲ್ಲಿ ‘ಮೋಡ್2/2352’ ಅಂತ ಕಾಣುತ್ತದೆ. 2352 ಅಂದರೆ ಒಂದು ಸೆಕ್ಟರ್‌ನ (ಡಿಸ್ಕ್‌ನ ಒಂದು ತುಣುಕಿನ) ಪೂರ್ತಿ ಬೈಟ್‌ಗಳು. ಐಎಸ್‌ಒ ಎಂಬ ಸಾಮಾನ್ಯ ಡಿಸ್ಕ್ ನಕಲು ಫೈಲ್‌ನಲ್ಲಿ ಉಳಿಯುವುದು 2048 ಮಾತ್ರ, ಆಡಿಯೋ ಟ್ರ್ಯಾಕ್‌ಗೆ ಅಲ್ಲಿ ಜಾಗವೇ ಇಲ್ಲ.

ಕ್ಯೂ ಬಿಟ್ಟು ಬಿನ್ ಒಂದನ್ನೇ ತೆರೆದರೂ ಎಷ್ಟೋ ಸಲ ಆಟ ಶುರುವಾಗುತ್ತದೆ. ಆದರೆ ಡಿಸ್ಕ್‌ನ ಆಡಿಯೋ ಟ್ರ್ಯಾಕ್‌ನಿಂದ ಬರಬೇಕಾದ ಸಂಗೀತ ಬರುವುದಿಲ್ಲ. ರೇಸಿಂಗ್ ಆಟದಲ್ಲಿ ಹಾಡಿಲ್ಲದೆ ಬರೀ ಇಂಜಿನ್ ಸದ್ದು ಕೇಳುತ್ತಾ ಹೋಗುವುದು ಬೇಜಾರು, ಅಲ್ವಾ? ಎಮ್ಯುಲೇಟರ್ ಕೆಟ್ಟಿದೆ ಅಂತ ಸುಮ್ನೆ ಸೆಟ್ಟಿಂಗ್ಸ್ ಬದಲಿಸುವ ಮೊದಲು ಕ್ಯೂ ತೆರೆದು ನೋಡಿ.

ಒಂದು ಕಿರಿಕಿರಿ ಇದೆ. ಬಿನ್ ಹೆಸರು ಬದಲಿಸಿದರೆ ಕ್ಯೂ ಒಳಗಿನ ಹೆಸರನ್ನೂ ಬದಲಿಸಬೇಕು. ಲಿನಕ್ಸ್‌ನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸ ಆದರೂ ಫೈಲ್ ಸಿಗುವುದಿಲ್ಲ. ಟ್ರ್ಯಾಕ್‌ಗೊಂದು ಬಿನ್ ಇರುವ ಡಿಸ್ಕ್‌ಗಳಲ್ಲಿ ಈ ಕೆಲಸ ಜಾಸ್ತಿ.

ಎರಡು ಮೂರು ಡಿಸ್ಕ್ ಇರುವ ಆಟಕ್ಕೆ ಎಂ3ಯು (.m3u) ಎಂಬ ಪಟ್ಟಿ ಫೈಲ್ ಮಾಡಿಕೊಳ್ಳಿ. ಸಾಲಿಗೊಂದು ಕ್ಯೂ ಹೆಸರು ಬರೆದರೆ ಸಾಕು, ಡಿಸ್ಕ್ ಬದಲಿಸುವುದು ಸಲೀಸು. ಯುರೋಪಿನ ಕೆಲವು ಪ್ಲೇಸ್ಟೇಷನ್ ಆಟಗಳಲ್ಲಿ ಲಿಬ್‌ಕ್ರಿಪ್ಟ್ ಎಂಬ ನಕಲು ತಡೆ ಇದೆ. ಅದು ಹುಡುಕುವ ಸಬ್‌ಚಾನೆಲ್ ಮಾಹಿತಿ (ಡಿಸ್ಕ್‌ನಲ್ಲಿ ಮುಖ್ಯ ಡೇಟಾದ ಜೊತೆ ಬೇರೆಯಾಗಿ ಇರುವುದು) ಬಿನ್‌ನಲ್ಲೂ ಇಲ್ಲ, ಕ್ಯೂನಲ್ಲೂ ಇಲ್ಲ. ಅದಕ್ಕೆ ಆ ಮಾಹಿತಿ ಇರುವ ಎಸ್‌ಬಿಐ (.sbi) ಫೈಲ್ ಬೇರೆ ಬೇಕು, ಇಲ್ಲದಿದ್ದರೆ ಆಟ ನಡುವೆಯೇ ನಿಂತುಬಿಡಬಹುದು.

ಈಗ ನಾನು ಹೆಚ್ಚಿನವನ್ನು ಸಿಎಚ್‌ಡಿ (.chd) ಎಂಬ ಕುಗ್ಗಿಸಿದ ಡಿಸ್ಕ್ ಫೈಲ್ ಮಾಡಿ ಇಟ್ಟಿದ್ದೇನೆ. ಮೇಮ್ ಎಂಬ ಎಮ್ಯುಲೇಟರ್ ಜೊತೆ ಬರುವ ಪರಿವರ್ತನೆ ತಂತ್ರಾಂಶ ಸಿಎಚ್‌ಡಿಮ್ಯಾನ್‌ಗೆ ಕ್ಯೂ ಕೊಟ್ಟರೆ ಎಲ್ಲ ಟ್ರ್ಯಾಕ್ ಸೇರಿ ಒಂದೇ ಫೈಲ್ ಆಗುತ್ತದೆ, ಜಾಗವೂ ಉಳಿಯುತ್ತದೆ. ಕ್ಯೂ ತಪ್ಪಿದ್ದರೆ ಸಿಎಚ್‌ಡಿಯೂ ತಪ್ಪೇ. ಹಾಗಾಗಿ ಮೊದಲು ಕ್ಯೂನಿಂದ ಆಡಿ, ಸಂಗೀತ ಸರಿಯಾಗಿ ಬರುತ್ತದೆಯೇ ಕೇಳಿ, ಆಮೇಲೆ ಪರಿವರ್ತಿಸಿ.