ಫೀ ಏರಿಸಿದ ಮೇಲೆ ‘ಸದ್ಯಕ್ಕೆ ಹಳೇ ರೇಟು’ ಅನ್ನುವವರಿದ್ದರೆ ಹುಷಾರಾಗಿರಿ

ಬೆಳಗಾವಿಯಲ್ಲಿ ಮನೆಯಲ್ಲೇ ಡೇಕೇರ್ ನಡೆಸುತ್ತಿರುವ ಅಕ್ಕ-ತಂಗಿಯರಿಗೆ ಇದನ್ನು ಬರೆಯುತ್ತಿದ್ದೇನೆ. ಬರುವ ಜೂನ್‌ಗೆ ಫೀ ಏರಿಸುವ ಯೋಚನೆ ಇದ್ದರೆ ದಯವಿಟ್ಟು ಪೂರ್ತಿ ಓದಿ. ಒಂದು ಮನೆಯವರು ನನಗೆ ಮಾಡಿದ್ದು ಇನ್ನೊಬ್ಬರಿಗೆ ಆಗಬಾರದು.

ನನ್ನ ಡೇಕೇರ್ ಟಿಳಕವಾಡಿಯಲ್ಲಿದೆ. ಮಕ್ಕಳ ತಂದೆ-ತಾಯಿ ಉದ್ಯಮಬಾಗದ ಕಾರ್ಖಾನೆಗಳಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ದುಡಿಯುವವರು. ದಿನವಿಡೀ ಇರುವ ಕೂಸಿಗೆ ತಿಂಗಳಿಗೆ 4,000 ರೂಪಾಯಿ, ಶಾಲೆ ಬಿಟ್ಟ ಮೇಲೆ ಬರುವ ಮಕ್ಕಳಿಗೆ 2,500 ಇತ್ತು. 2025ರ ಜೂನ್‌ನಿಂದ ಅದನ್ನು 4,600 ಮತ್ತು 2,900 ಮಾಡಿದೆ. ಏಪ್ರಿಲ್‌ನಲ್ಲೇ ಎಲ್ಲರಿಗೂ ವಾಟ್ಸಾಪ್‌ನಲ್ಲಿ ತಿಳಿಸಿದ್ದೆ. ಮನೆಗೊಂದು ಚೀಟಿಯನ್ನೂ ಕೊಟ್ಟಿದ್ದೆ.

ಯಾಕೆ ಏರಿಸಿದೆ ಅಂತ ಹೇಳಲೇಬೇಕು. ಯಾಕೆಂದರೆ ಜಗಳ ಶುರುವಾಗುವುದೇ ಅಲ್ಲಿ. ಆ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತ್ತು. ಅದೇ ತಿಂಗಳು ಮನೆ ಬಳಕೆಯ ಸಿಲಿಂಡರ್‌ಗೆ 50 ರೂಪಾಯಿ ಜಾಸ್ತಿಯಾಯಿತು. ಎಲ್ಲರೂ ಮಾತಾಡುವುದು ಇದನ್ನೇ. ನಿಜ ನೋಡಿದರೆ ಇದು ಸಣ್ಣ ಲೆಕ್ಕ. ದಿನಕ್ಕೆ ಎರಡು ಲೀಟರ್ ಹಾಲು ತಂದರೂ ತಿಂಗಳಿಗೆ ಇನ್ನೂರು ಚಿಲ್ಲರೆ ಹೆಚ್ಚಾಗುತ್ತದೆ, ಅಷ್ಟೇ. ದೊಡ್ಡ ಖರ್ಚು ಮೌಶಿಯವರ, ಅಂದರೆ ಮಕ್ಕಳನ್ನು ನೋಡಿಕೊಳ್ಳಲು ಇಟ್ಟುಕೊಂಡ ಹೆಂಗಸರ, ಪಗಾರ. ಇನ್ನೂ ನಡೆಯಲು ಬಾರದ ಮೂರು ಕೂಸುಗಳಿದ್ದರೆ ಒಬ್ಬ ಮೌಶಿ ಬೇರೆ ಕೆಲಸ ಮುಟ್ಟುವ ಹಾಗಿಲ್ಲ. ಒಬ್ಬರಿಗೆ ಉಣಿಸುವಾಗ ಇನ್ನೊಬ್ಬರನ್ನು ತೊಳೆಯಬೇಕು, ಮೂರನೆಯದು ಅಳುತ್ತಿರುತ್ತದೆ. ಇಂಥ ಕೆಲಸವನ್ನು ಮನಸ್ಸಿಟ್ಟು ಮಾಡುವವರಿಗೆ ವರ್ಷಕ್ಕೊಮ್ಮೆ ಪಗಾರ ಏರಿಸದಿದ್ದರೆ ಅವರು ಯಾಕೆ ಉಳಿಯಬೇಕು? ಮೌಶಿ ಬದಲಾದಾಗಲೆಲ್ಲ ಮಕ್ಕಳು ವಾರಗಟ್ಟಲೆ ಸರಿಯಾಗಿ ಮಲಗುವುದಿಲ್ಲ. ನಮ್ಮೂರ ಮಳೆಗಾಲದ ಖರ್ಚು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ. ಗೀಸರ್, ಇಸ್ತ್ರಿ, ಫ್ಯಾನು ಅಂತ ಮೀಟರ್ ಓಡುತ್ತಲೇ ಇರುತ್ತದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಗೃಹಜ್ಯೋತಿ ಸಿಗುವುದಿಲ್ಲ, ಪೂರ್ತಿ ಬಿಲ್ಲು ನಾವೇ ಕಟ್ಟಬೇಕು.

ಈಗ ಆ ಮನೆಯವರ ವಿಷಯ. ಇಬ್ಬರು ಮಕ್ಕಳು, ಗಂಡ-ಹೆಂಡತಿ ಇಬ್ಬರಿಗೂ ನೌಕರಿ. ಚಿಕ್ಕದು ದಿನವಿಡೀ, ದೊಡ್ಡದು ಶಾಲೆ ಬಿಟ್ಟ ಮೇಲೆ. ಹಳೇ ಲೆಕ್ಕದಲ್ಲಿ 6,500, ಹೊಸದರಲ್ಲಿ 7,500. ಏಪ್ರಿಲ್‌ನಲ್ಲಿ ಚೀಟಿ ಕೊಟ್ಟಾಗ ಒಂದು ಮಾತೂ ಆಡಲಿಲ್ಲ. ಜೂನ್ ಫೀ ಕೊಡುವಾಗ ಮಾತ್ರ ಬಂದು, “ಅಕ್ಕಾರ, ಸ್ವಲ್ಪ ಅಡಚಣಿ ಐತ್ರಿ. ಸದ್ಯಕ್ಕ ಹಳೇ ರೇಟ್ ಹಾಕ್ತೀವಿ. ದೀಪಾವಳಿ ಬೋನಸ್ ಬಂದ ಮ್ಯಾಲೆ ಬಾಕಿ ಎಲ್ಲಾ ಕೂಡಿಸಿ ಕೊಡ್ತೀವ್ರಿ” ಅಂದರು. ನಾನು ಆಗಲಿ ಅಂದೆ. ಅಡಚಣೆ ಯಾರಿಗೆ ಬರುವುದಿಲ್ಲ?

ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳು 6,500 ಬಂತು. ಫೋನ್‌ಪೇಯಲ್ಲಿ ಹಣ ಹಾಕುವಾಗ ಪ್ರತಿ ಸಲ ಕೆಳಗೆ ಒಂದು ಸಾಲು ಬರೆಯುತ್ತಿದ್ದರು: ‘ಜೂನ್ ಫುಲ್ ಫೀಸ್’, ‘ಜುಲೈ ಫುಲ್ ಫೀಸ್’. ಹಣ ಬಂತೋ ಇಲ್ಲವೋ ಅಂತ ನೋಡುತ್ತೇವೆಯೇ ಹೊರತು ಆ ಸಾಲನ್ನು ಯಾರು ಓದುತ್ತಾರೆ ಹೇಳಿ. ಸೆಪ್ಟೆಂಬರ್ ಫೀ ಬರಲೇ ಇಲ್ಲ. ಬೋನಸ್ ಜೊತೆಗೇ ಕೊಡುತ್ತೇವೆ ಅಂದರು. ದೀಪಾವಳಿ ಮುಗಿದ ಮೇಲೆ ಮಕ್ಕಳೂ ಬರಲಿಲ್ಲ. ಬಾಕಿ 1,000ದಂತೆ 3,000, ಸೆಪ್ಟೆಂಬರ್‌ನದು 7,500. ಒಟ್ಟು 10,500. ಅಕ್ಟೋಬರ್‌ನದು ಬೇರೆ.

ಕೇಳಿದಾಗ ಬಂದ ಉತ್ತರ ಆ ‘ಫುಲ್ ಫೀಸ್’ ಸ್ಕ್ರೀನ್‌ಶಾಟ್‌ಗಳು. ನೀವೇ ಮೂರು ತಿಂಗಳು ಒಪ್ಪಿಕೊಂಡು ತಗೊಂಡಿದ್ದೀರಿ, ಈಗ ಎಲ್ಲಿಯ ಬಾಕಿ ಅಂತ. ಮೇಲಿಂದ ಇನ್ನೊಂದು ಮಾತು: “ನೀವು ಮನಿಯಾಗ ಇರ್ತೀರಿ, ನಿಮಗೇನ್ ಖರ್ಚ್ ಬರ್ತೈತ್ರಿ?” ಹಣ ಹೋದದ್ದಕ್ಕಿಂತ ಈ ಮಾತು ಜಾಸ್ತಿ ನೋಯಿಸಿತು. ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಅವರ ಕೂಸು ನನ್ನ ಕೈಯಲ್ಲಿತ್ತು. ಅದರ ಹಲ್ಲು ಮೂಡಿದ್ದು, ಜ್ವರ ಬಂದದ್ದು ಎಲ್ಲ ಮೊದಲು ನೋಡಿದ್ದು ನಾವು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸಂಜೆ ಗೇಟಿನ ಹತ್ತಿರ ಮಕ್ಕಳಿಗೆ ಕಾಯುವಾಗ ಅವರು ಬೇರೆ ತಾಯಂದಿರಿಗೆ, ನಾವಿನ್ನೂ ಹಳೇ ರೇಟೇ ಕೊಡುತ್ತೇವೆ ಅಂತ ಹೇಳಿದ್ದರಂತೆ. ಇನ್ನೆರಡು ಮನೆಯವರು ಹೊಸ ಫೀ ನಿಲ್ಲಿಸಿದರು. ಅವರಿಗೊಂದು ರೇಟು, ನಮಗೊಂದಾ ಅಂತ ಕೇಳಿದರು. ಅವರ ಸಿಟ್ಟಿನಲ್ಲಿ ತಪ್ಪಿಲ್ಲ. ಒಂದು ಮನೆ ಹಳೇ ಫೀಯಲ್ಲಿ ಉಳಿದರೆ ಏರಿಕೆ ಎಲ್ಲರಿಗೂ ಬಿದ್ದುಹೋದ ಹಾಗೆಯೇ. ಆ ಎರಡು ಮನೆಯವರನ್ನು ಒಪ್ಪಿಸಲು ಏಪ್ರಿಲ್‌ನ ಚೀಟಿಯೇ ನೆರವಾಯಿತು.

ಈಗ ಫೀ ಮುಂಗಡ, ತಿಂಗಳ 5ನೇ ತಾರೀಕಿನೊಳಗೆ. ತಿಂಗಳು ಮುಗಿದ ಮೇಲೆ ತಗೊಳ್ಳುವ ಪದ್ಧತಿ ಇದ್ದರೆ ಬಿಟ್ಟು ಹೋಗುವವರು ಒಂದು ತಿಂಗಳ ದುಡ್ಡು ಹೊತ್ತುಕೊಂಡೇ ಹೋಗುತ್ತಾರೆ. ಸೇರಿಸುವಾಗಲೇ ಒಂದು ತಿಂಗಳ ಡಿಪಾಸಿಟ್ ಇಡಿಸಿಕೊಳ್ಳುತ್ತೇನೆ, ಬಿಡುವ ತಿಂಗಳಿಗೆ ಅದನ್ನೇ ಹಿಡಿದುಕೊಳ್ಳುತ್ತೇನೆ. ಪ್ರತಿ ವರ್ಷ ಜೂನ್‌ನಲ್ಲಿ ಫೀ ಬದಲಾಗುತ್ತದೆ ಅಂತ ಅರ್ಜಿಯಲ್ಲೇ ಬರೆದು ಸಹಿ ಹಾಕಿಸಿಕೊಳ್ಳಿ. ಗಣೇಶ ಹಬ್ಬಕ್ಕೆ, ದೀಪಾವಳಿಗೆ ಮಕ್ಕಳು ಬರದಿದ್ದರೂ ಫೀ ಕಡಿಮೆಯಾಗುವುದಿಲ್ಲ ಅಂತಲೂ ಬರೆಯಿರಿ. ಮೌಶಿಯ ಪಗಾರ ಹಬ್ಬಕ್ಕೆ ನಿಲ್ಲುವುದಿಲ್ಲ ಅಲ್ವಾ?

ನಿಜವಾಗಿ ಕಷ್ಟ ಇರುವವರಿಗೆ ರಿಯಾಯಿತಿ ಖಂಡಿತ ಕೊಡಿ. ಕೆಲಸ ಹೋದ ಒಬ್ಬ ತಾಯಿಗೆ ನಾನೂ ಕೊಟ್ಟಿದ್ದೇನೆ. ಎಷ್ಟು, ಯಾವ ತಿಂಗಳವರೆಗೆ ಅಂತ ಮೆಸೇಜ್‌ನಲ್ಲಿ ಇರಲಿ.

ಈಗಾಗಲೇ ಬಾಕಿ ಸಿಕ್ಕಿಹಾಕಿಕೊಂಡಿದ್ದರೆ ಸುಮ್ನೆ ಕೈ ಬಿಡಬೇಡಿ. ಇಂಥ ಬಾಕಿಗೆ ಮೂರು ವರ್ಷದೊಳಗೆ ದಾವೆ ಹಾಕಬಹುದು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ದಾವೆಗೆ ಮೊದಲೇ ಇಬ್ಬರನ್ನೂ ಕೂರಿಸಿ ಲೋಕ ಅದಾಲತ್‌ನಲ್ಲಿ ಮುಗಿಸುವ ದಾರಿಯೂ ಇದೆ. ಚೀಟಿ, ಮೆಸೇಜ್, ಹಾಜರಿ ಪುಸ್ತಕ ಅಳಿಸದೆ ಇಟ್ಟುಕೊಳ್ಳಿ.

ಕಡಿಮೆ ಹಣ ಬಂದ ದಿನವೇ, ಮರುದಿನಕ್ಕೂ ಬಿಡದೆ, ನಾನು ಈಗ ಕಳಿಸುವ ಉತ್ತರ ಇಷ್ಟು. ಬೇಕಿದ್ದರೆ ಹಾಗೇ ನಕಲು ಮಾಡಿಕೊಳ್ಳಿ: ‘ಜೂನ್ ಫೀ 7,500ರಲ್ಲಿ 6,500 ಬಂದಿದೆ. 1,000 ಬಾಕಿ ಇದೆ. ಇದು ಪೂರ್ತಿ ಫೀ ಅಲ್ಲ. 15ನೇ ತಾರೀಕಿನೊಳಗೆ ಬಾಕಿ ಕೊಡಿ.’