ಪಾಸ್‌ವರ್ಡ್ ಬರೆದಿಡದೆ ಪ್ಯಾಚ್ ಕಳುಹಿಸಲು ಗಿಟ್-ಕ್ರೆಡೆನ್ಶಿಯಲ್-ಜಿಮೇಲ್

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಪ್ಯಾಚ್, ಅಂದರೆ ಕೋಡ್‌ನ ತಿದ್ದುಪಡಿ, ಕಳುಹಿಸಲು ಇವತ್ತಿಗೂ ಇಮೇಲೇ ದಾರಿ. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ತಂತ್ರಾಂಶದ ಸ್ವಂತ ಅಭಿವೃದ್ಧಿಯೂ ಹಾಗೆಯೇ ನಡೆಯುತ್ತದೆ. ಬ್ರೌಸರ್‌ನಲ್ಲಿ ಜಿಮೇಲ್ ತೆರೆದು ಪ್ಯಾಚ್ ಅಂಟಿಸಿದರೆ ಟ್ಯಾಬ್‌ಗಳು ಸ್ಪೇಸ್‌ಗಳಾಗುತ್ತವೆ, ಉದ್ದದ ಸಾಲುಗಳು ತುಂಡಾಗುತ್ತವೆ. ಆ ಪ್ಯಾಚ್ ಆಮೇಲೆ ಯಾರ ಉಪಯೋಗಕ್ಕೂ ಬರುವುದಿಲ್ಲ. ಎಚ್‌ಟಿಎಂಎಲ್ ರೂಪದಲ್ಲಿ ಹೋದರಂತೂ ಕರ್ನಲ್‌ನ ಮೇಲಿಂಗ್ ಲಿಸ್ಟ್‌ಗಳು ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಟರ್ಮಿನಲ್‌ನಿಂದ ಗಿಟ್ ಸೆಂಡ್-ಇಮೇಲ್ ಎಂಬ ಆಜ್ಞೆ ಓಡಿಸಬೇಕು. ಅದಕ್ಕೆ ನಮ್ಮ ಇಮೇಲ್ ಖಾತೆಯ ಪ್ರವೇಶವನ್ನು ಯಾವ ರೀತಿಯಲ್ಲಿ ಕೊಡಬೇಕು ಎಂಬುದೇ ಪ್ರಶ್ನೆ. ನಾನು ಮೈಸೂರಿನಲ್ಲಿ ಎಂಬೆಡೆಡ್ ಲಿನಕ್ಸ್ ಕೆಲಸ ಮಾಡುವವಳು. ಮೊದಲ ಪ್ಯಾಚ್ ಬರೆಯುವ ಕಾಲೇಜು ಹುಡುಗ ಹುಡುಗಿಯರಿಗೆ ಈ ವ್ಯವಸ್ಥೆ ಮಾಡಿಕೊಡುತ್ತಾ ಬಂದಿದ್ದೇನೆ. ಈಗ ಅವರಿಗೆಲ್ಲ ನಾನು ಹಾಕಿಕೊಡುವುದು ಗಿಟ್-ಕ್ರೆಡೆನ್ಶಿಯಲ್-ಜಿಮೇಲ್ ಎಂಬ ಪುಟ್ಟ ಉಪಕರಣ.

"ಮೇಡಂ, ಪಾಸ್‌ವರ್ಡ್ ಸರಿಯಾಗಿಯೇ ಇದೆ, ಆದರೂ 535 ಎಂದು ಬರುತ್ತಿದೆ" ಎಂಬುದು ನಾನು ಅತಿ ಹೆಚ್ಚು ಕೇಳುವ ಮಾತು. 535 ಎಂದರೆ ಸರ್ವರ್ ಲಾಗಿನ್ ಅನ್ನು ತಿರಸ್ಕರಿಸಿದೆ ಎಂದರ್ಥ. ಪಾಸ್‌ವರ್ಡ್ ನಿಜಕ್ಕೂ ಸರಿಯಾಗಿಯೇ ಇರುತ್ತದೆ. ಖಾತೆಯ ಸಾಮಾನ್ಯ ಪಾಸ್‌ವರ್ಡ್ ಕೊಟ್ಟು ಹೊರಗಿನ ತಂತ್ರಾಂಶದಿಂದ ಪ್ರವೇಶಿಸುವ ಸೌಲಭ್ಯವನ್ನು ಗೂಗಲ್ ವೈಯಕ್ತಿಕ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸಿತು. ಹಳೆಯ ಲೇಖನಗಳನ್ನು ನೋಡಿಕೊಂಡು ಹೊಂದಿಸಲು ಹೊರಟವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಆಗ ಕೈಗೆ ಸುಲಭವಾಗಿ ಸಿಗುವುದು ಆ್ಯಪ್ ಪಾಸ್‌ವರ್ಡ್. ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿಕೊಂಡರೆ ಗೂಗಲ್ 16 ಅಕ್ಷರಗಳ ಒಂದು ಗುಪ್ತಪದವನ್ನು ಕೊಡುತ್ತದೆ. ಅದು ಕೆಲಸ ಮಾಡುತ್ತದೆ, ನಿಜ. ಆದರೆ ಆ 16 ಅಕ್ಷರಗಳು ಎಲ್ಲಿ ಹೋಗಿ ಕೂರುತ್ತವೆ? ಬಹುತೇಕರ ಕಂಪ್ಯೂಟರ್‌ಗಳಲ್ಲಿ ಗಿಟ್‌ನ ಸಂರಚನಾ ಕಡತದಲ್ಲಿ, ಯಾರು ಬೇಕಾದರೂ ಓದಬಹುದಾದ ಸಾದಾ ಪಠ್ಯವಾಗಿ. ಅದೇ ಕಡತವನ್ನು ಹೊಸ ಲ್ಯಾಪ್‌ಟಾಪ್‌ಗೆ ಅನುಕೂಲವಾಗಲೆಂದು ಸಾರ್ವಜನಿಕ ರೆಪಾಸಿಟರಿಗೆ ಏರಿಸುವ ಅಭ್ಯಾಸ ನಮ್ಮ ಹುಡುಗರಲ್ಲಿ ವ್ಯಾಪಕವಾಗಿದೆ. ಆ ಗುಪ್ತಪದಕ್ಕೆ ಅವಧಿಯೆಂಬುದಿಲ್ಲ. ನಾವಾಗಿ ರದ್ದು ಮಾಡುವವರೆಗೆ, ಇಲ್ಲವೇ ಖಾತೆಯ ಪಾಸ್‌ವರ್ಡ್ ಬದಲಿಸುವವರೆಗೆ ಅದು ಜೀವಂತವಾಗಿರುತ್ತದೆ. ಇದು ನನ್ನ ನಿದ್ದೆ ಕೆಡಿಸುವ ಸಂಗತಿ.

ಗಿಟ್-ಕ್ರೆಡೆನ್ಶಿಯಲ್-ಜಿಮೇಲ್ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಗಿಟ್‌ನ ಅಧಿಕೃತ ದಾಖಲೆಯಲ್ಲಿ ಸೆಂಡ್-ಇಮೇಲ್ ಪುಟವೇ ಇದನ್ನು ಹೆಸರಿಸುತ್ತದೆ. ಒಮ್ಮೆ ಓಡಿಸಿದರೆ ಗೂಗಲ್‌ನ ಲಾಗಿನ್ ಪುಟ ತೆರೆದುಕೊಳ್ಳುತ್ತದೆ, ನಾವು ಒಪ್ಪಿಗೆ ಕೊಡುತ್ತೇವೆ, ಅಲ್ಲಿಗೆ ಮುಗಿಯಿತು. ಪಾಸ್‌ವರ್ಡ್ ಗಿಟ್‌ನ ಕೈಗೆ ಬರುವುದೇ ಇಲ್ಲ. ಅದರ ಬದಲು ಗೂಗಲ್ ಟೋಕನ್, ಅಂದರೆ ಪ್ರವೇಶದ ಚೀಟಿ, ಕೊಡುತ್ತದೆ. ಅದನ್ನು ಹೊಸದು ಮಾಡಿಕೊಳ್ಳಲು ಬೇಕಾದ ನವೀಕರಣದ ಟೋಕನ್ ಕಾರ್ಯಾಚರಣಾ ವ್ಯವಸ್ಥೆಯ ಕೀರಿಂಗ್ ಎಂಬ ಗುಪ್ತಪದಗಳ ತಿಜೋರಿಯಲ್ಲಿ ಉಳಿಯುತ್ತದೆ. ಪ್ರತಿ ಸಲ ಪ್ಯಾಚ್ ಕಳುಹಿಸುವಾಗ ಬಳಕೆಯಾಗುವ ಟೋಕನ್‌ನ ಆಯುಷ್ಯ ಸುಮಾರು ಒಂದು ಗಂಟೆ ಮಾತ್ರ; ಅದು ಎಲ್ಲಿಯಾದರೂ ಸೋರಿದರೂ ಸ್ವಲ್ಪ ಹೊತ್ತಿನಲ್ಲಿ ನಿಷ್ಪ್ರಯೋಜಕ.

ಹೊಂದಿಸುವುದು ಐದು ನಿಮಿಷದ ಕೆಲಸ. ಸರ್ವರ್ ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 587, ಗೂಢಲಿಪೀಕರಣ ಟಿಎಲ್‌ಎಸ್, ದೃಢೀಕರಣ ವಿಧಾನ ಟೋಕನ್ ಮೂಲಕ ಪ್ರವೇಶಿಸುವ ಓಆತ್‌ಬೇರರ್. ಇದರಲ್ಲಿ ಕಷ್ಟವೇನೂ ಇಲ್ಲ. ಆದರೆ ಗಿಟ್‌ನ ಸಂರಚನಾ ಕಡತದ ಕ್ರೆಡೆನ್ಶಿಯಲ್ ವಿಭಾಗದಲ್ಲಿ ಒಂದು ಚಿಕ್ಕ ಸಾಲಿನ ಮೇಲೆ ಎಲ್ಲವೂ ನಿಂತಿದೆ. ಗಿಟ್‌ಗೆ ಗುಪ್ತಪದ ಅಥವಾ ಟೋಕನ್ ಒದಗಿಸುವ ತಂತ್ರಾಂಶಕ್ಕೆ ಹೆಲ್ಪರ್, ಅಂದರೆ ಸಹಾಯಕ, ಎನ್ನುತ್ತಾರೆ; ಗಿಟ್-ಕ್ರೆಡೆನ್ಶಿಯಲ್-ಜಿಮೇಲ್ ಅಂಥದ್ದೇ ಒಂದು. ಈ ಜಿಮೇಲ್ ಸಹಾಯಕವನ್ನು ಹೆಸರಿಸುವ ಮುನ್ನ ಏನನ್ನೂ ಹೇಳದ, ಖಾಲಿ ಹೆಲ್ಪರ್ ಸಾಲೊಂದನ್ನು ಬರೆಯಬೇಕು. ನೋಡಿದರೆ ಬರೆಯುವಾಗ ಅರ್ಧಕ್ಕೇ ಬಿಟ್ಟಂತೆ ಕಾಣುತ್ತದೆ, ಅನೇಕರು ಅಳಿಸಿಯೂ ಬಿಡುತ್ತಾರೆ. ಅದರ ಕೆಲಸ ದೊಡ್ಡದು: ಅದಕ್ಕೂ ಮೊದಲು ಬೇರೆಲ್ಲೋ ನೋಂದಾಯಿಸಿದ ಸಹಾಯಕಗಳನ್ನೆಲ್ಲ ಈ ಸರ್ವರ್‌ನ ಮಟ್ಟಿಗೆ ಕೈಬಿಡುತ್ತದೆ. ಲಾಗಿನ್ ಯಶಸ್ವಿಯಾದ ಕೂಡಲೇ ಗಿಟ್ ತನಗೆ ಗೊತ್ತಿರುವ ಎಲ್ಲ ಸಹಾಯಕಗಳಿಗೂ "ಇದನ್ನು ಉಳಿಸಿಕೊಳ್ಳಿ" ಎಂದು ಹೇಳುತ್ತದೆ. ನಮ್ಮಲ್ಲಿ ಸ್ಟೋರ್ ಎಂಬ ಹಳೆಯ ಸಹಾಯಕ ಇದ್ದರೆ ಅದು ಟೋಕನ್ ಅನ್ನು ಸಾದಾ ಪಠ್ಯವಾಗಿ ಬರೆದಿಡುತ್ತದೆ, ಗಂಟೆ ಕಳೆದ ಮೇಲೆ ಸತ್ತ ಆ ಟೋಕನ್ನನ್ನೇ ಮತ್ತೆ ಎತ್ತಿ ಕೊಡುತ್ತದೆ. ಬೆಳಿಗ್ಗೆ ಹೋದ ಪ್ಯಾಚ್ ಮಧ್ಯಾಹ್ನ ಹೋಗದಿದ್ದರೆ ನಾನು ಮೊದಲು ಹುಡುಕುವುದು ಈ ಖಾಲಿ ಸಾಲನ್ನು.

ಇಷ್ಟೆಲ್ಲ ಮೆಚ್ಚಿದರೂ ಒಂದು ಮಾತು ಹೇಳಲೇಬೇಕು. ಒಪ್ಪಿಗೆಯ ಪುಟದಲ್ಲಿ ಗೂಗಲ್ ಏನು ಕೇಳುತ್ತಿದೆ ಎಂದು ನಿಧಾನವಾಗಿ ಓದಿ. ನಿಮ್ಮ ಎಲ್ಲ ಮೇಲ್‌ಗಳನ್ನು ಓದುವ, ಬರೆಯುವ, ಕಳುಹಿಸುವ, ಶಾಶ್ವತವಾಗಿ ಅಳಿಸುವ ಅಧಿಕಾರ ಅದು. ಪ್ಯಾಚ್ ಕಳುಹಿಸುವುದಕ್ಕೆ ಇಷ್ಟು ಅಧಿಕಾರ ಬೇಕಿಲ್ಲ. ಆದರೆ ಜಿಮೇಲ್‌ನಲ್ಲಿ ಎಸ್‌ಎಂಟಿಪಿ (ಮೇಲ್ ಕಳುಹಿಸುವ ನಿಯಮಾವಳಿ) ಮೂಲಕ ಕಳುಹಿಸಲು ಅದಕ್ಕಿಂತ ಕಿರಿದಾದ ಅನುಮತಿ ಇಲ್ಲ. ಮೈಕ್ರೋಸಾಫ್ಟ್ ಈ ವಿಷಯದಲ್ಲಿ ಮೇಲು; ಔಟ್‌ಲುಕ್‌ಗೆ ಕಳುಹಿಸುವುದಕ್ಕಷ್ಟೇ ಸೀಮಿತವಾದ ಅನುಮತಿ ಬೇರೆಯಾಗಿಯೇ ಇದೆ. ಬ್ಯಾಂಕಿನ ಸಂದೇಶಗಳು, ಆಧಾರ್ ಪತ್ರವ್ಯವಹಾರ, ಮನೆಯವರ ಫೋಟೋಗಳು ತುಂಬಿರುವ ಖಾತೆಯಿಂದ ಪ್ಯಾಚ್ ಕಳುಹಿಸಬೇಡಿ ಎಂದು ನಾನು ಮಕ್ಕಳಿಗೆ ಒತ್ತಿ ಹೇಳುತ್ತೇನೆ. ಪ್ಯಾಚ್‌ಗೆಂದೇ ಪ್ರತ್ಯೇಕ ಖಾತೆ ತೆರೆಯಿರಿ. ಕರ್ನಲ್‌ನ ಇತಿಹಾಸದಲ್ಲಿ ಆ ವಿಳಾಸ ಎಲ್ಲರಿಗೂ ಕಾಣುವಂತೆ ಕೊನೆಯವರೆಗೂ ಉಳಿಯುತ್ತದೆ ಎಂಬುದೂ ಇನ್ನೊಂದು ಕಾರಣ.

ಗೂಗಲ್ ಕ್ಲೌಡ್‌ನಲ್ಲಿ ಸ್ವಂತ ಪ್ರಾಜೆಕ್ಟ್ ಮಾಡಿ, ಉಪಕರಣವನ್ನು ಗೂಗಲ್‌ಗೆ ಪರಿಚಯಿಸುವ ಸ್ವಂತ ಕ್ಲೈಂಟ್ ಗುರುತು ಪಡೆದು ಬಳಸುವವರೂ ಇದ್ದಾರೆ. ಪ್ರಾಜೆಕ್ಟ್ ಪರೀಕ್ಷಾ ಹಂತದಲ್ಲೇ ಇದ್ದರೆ ನವೀಕರಣದ ಟೋಕನ್ 7 ದಿನಗಳಲ್ಲಿ ಮುಗಿಯುತ್ತದೆ, ವಾರವಾರವೂ ಮತ್ತೆ ಒಪ್ಪಿಗೆ ಕೊಡಬೇಕು. ವಿದ್ಯಾರ್ಥಿಗಳಿಗೆ ಆ ಉಸಾಬರಿ ಬೇಡ.

ಪರದೆಯೇ ಇಲ್ಲದ ಸರ್ವರ್‌ಗೆ ದೂರದಿಂದಲೇ ಎಸ್‌ಎಸ್‌ಎಚ್ ಮೂಲಕ ಹೋಗಿ ಕೆಲಸ ಮಾಡುವವರಿಗೆ ಇದು ಹಿತವಲ್ಲ. ಅಲ್ಲಿ ಕೀರಿಂಗ್ ತೆರೆದಿರುವುದಿಲ್ಲ, ಬ್ರೌಸರ್ ಇರುವುದಿಲ್ಲ. ಅಂಥ ಕಡೆ ನಾನು ಎಂಎಸ್‌ಎಂಟಿಪಿ ಎಂಬ ಮೇಲ್ ಕಳುಹಿಸುವ ತಂತ್ರಾಂಶ ಬಳಸುತ್ತೇನೆ. ಗುಪ್ತಪದವನ್ನು ಕಡತದಲ್ಲಿ ಬರೆಯುವ ಬದಲು, ಅದನ್ನು ತಂದುಕೊಡುವ ಆಜ್ಞೆಯನ್ನು ಬರೆಯಲು ಅದರಲ್ಲಿ ಅವಕಾಶವಿದೆ. ಜಿಪಿಜಿ ಎಂಬ ಗೂಢಲಿಪೀಕರಣ ತಂತ್ರಾಂಶದಿಂದ ಬೀಗ ಹಾಕಿದ ಪಾಸ್ ಎಂಬ ಭಂಡಾರದಿಂದ ಅದು ಬೇಕಾದಾಗ ಮಾತ್ರ ಓದಿಕೊಳ್ಳುತ್ತದೆ. ಗುಪ್ತಪದವನ್ನು ನೇರವಾಗಿ ಬರೆದ ಕಡತವನ್ನು ಇತರರೂ ಓದುವಂತಿದ್ದರೆ ಎಂಎಸ್‌ಎಂಟಿಪಿ ಕೆಲಸವನ್ನೇ ನಿರಾಕರಿಸುತ್ತದೆ. ಈ ಕಟ್ಟುನಿಟ್ಟು ನನಗೆ ಬಹಳ ಹಿಡಿಸಿದ ಗುಣ.

ಯಾವುದನ್ನೇ ಆರಿಸಿಕೊಂಡರೂ ಮೊದಲ ಪ್ಯಾಚನ್ನು ನಿಮ್ಮದೇ ವಿಳಾಸಕ್ಕೆ ಕಳುಹಿಸಿ ನೋಡಿ. ಹೋಗದಿದ್ದರೆ ಡೀಬಗ್ ಆಯ್ಕೆ ಹಾಕಿ ಸರ್ವರ್ ಜೊತೆಗಿನ ಸಂಭಾಷಣೆಯನ್ನು ಓದಬಹುದು. ಆದರೆ ಆ ಔಟ್‌ಪುಟ್‌ನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್ ಗುಂಪಿನಲ್ಲಿ ಸಹಾಯ ಕೇಳಬೇಡಿ. ದೃಢೀಕರಣದ ಸಾಲಿನಲ್ಲಿ ಕಾಣುವ ಅರ್ಥವಾಗದ ಉದ್ದನೆಯ ಅಕ್ಷರಮಾಲೆ ಗೂಢಲಿಪಿಯಲ್ಲ, ಬರೀ ಬೇಸ್64 ಎಂಬ ಅಕ್ಷರ ಪರಿವರ್ತನೆ. ಯಾರು ಬೇಕಾದರೂ ಕ್ಷಣಮಾತ್ರದಲ್ಲಿ ಅದನ್ನು ಬಿಡಿಸಿ ಒಳಗಿನ ಗುಪ್ತಪದ ಅಥವಾ ಟೋಕನ್ ನೋಡಬಲ್ಲರು. ಆಗಲೇ ಹಂಚಿದ್ದರೆ ಸಂದೇಶ ಅಳಿಸಿದರೆ ಸಾಲದು. ಗೂಗಲ್ ಖಾತೆಯ ಭದ್ರತಾ ಪುಟಕ್ಕೆ ಹೋಗಿ ಆ ಅನುಮತಿಯನ್ನು ರದ್ದು ಮಾಡಿ, ಆಮೇಲೆ ಹೊಸದಾಗಿ ಒಪ್ಪಿಗೆ ಕೊಡಿ.