ಹಾಬಿಬಾಸ್ 1/350 ಟೈಫೂನ್ ಕಿಟ್: ಆರ್ಕ್ಟಿಕ್ ಡಯೋರಾಮಾಗೆ ತಗೊಳ್ಳಬಹುದಾ?

ತಗೊಳ್ಳಬಹುದು. ಇದು ಸೋವಿಯತ್ ಟೈಫೂನ್ ಸಬ್‌ಮರೀನಿನ ಪ್ಲಾಸ್ಟಿಕ್ ಮಾದರಿ, ಅಳತೆ ನಿಜವಾದದ್ದರ 350ರಲ್ಲಿ ಒಂದು ಪಾಲು. ಡಯೋರಾಮಾ ಅಂದರೆ ಅಂಥ ಮಾದರಿ ಇಟ್ಟು ಕಟ್ಟುವ ಪುಟ್ಟ ದೃಶ್ಯ. ಮಂಜುಗಡ್ಡೆ ಒಡೆದು ಮೇಲೆ ಬಂದ ಸಬ್‌ಮರೀನ್ ಮಾಡಬೇಕು ಅಂತ ಆಸೆ ಇದ್ದರೆ ಧೈರ್ಯವಾಗಿ ತಗೊಳ್ಳಿ. ಆದರೆ ಅದರ ಜೊತೆಗೆ ಹಿತ್ತಾಳೆ ಪ್ರೊಪೆಲ್ಲರ್, ಲೋಹದ ಬಿಡಿಭಾಗ ಅಂತ ಇನ್ನಷ್ಟು ದುಡ್ಡು ಸುರಿಯಬೇಡಿ. ಸಬ್‌ಮರೀನಿನ ಮುಕ್ಕಾಲು ಭಾಗ ಮಂಜಿನ ಕೆಳಗೇ ಹೋಗುತ್ತದೆ. ನೋಡುವವರಿಗೆ ಕಾಣುವುದು ಬೆನ್ನು, ಮೇಲಿನ ಗೋಪುರ (ಸೇಲ್ ಅಂತಾರೆ), ಅದರ ಸುತ್ತ ಒಡೆದು ಬಿದ್ದ ಮಂಜುಗಡ್ಡೆ, ಇಷ್ಟೇ. ಮಂಜುಗಡ್ಡೆ ಸರಿಯಾಗಿ ಬಂದರೆ ಸಾಧಾರಣ ಕಿಟ್ ಕೂಡ ಗೆಲ್ಲುತ್ತದೆ, ಅದು ಕೆಟ್ಟರೆ ಎಷ್ಟು ದುಬಾರಿ ಕಿಟ್ ಹಾಕಿದರೂ ಪ್ರಯೋಜನವಿಲ್ಲ. ಹಾಗಾಗಿ ಈ ವಿಮರ್ಶೆಯಲ್ಲಿ ಕಿಟ್‌ಗಿಂತ ಮಂಜುಗಡ್ಡೆಯ ಮಾತೇ ಜಾಸ್ತಿ.

ಮೊದಲು ಯಾಕೆ ಟೈಫೂನ್ ಅಂತ ಹೇಳುತ್ತೇನೆ. ಸೋವಿಯತ್ ನೌಕಾಪಡೆಯ ಲೆಕ್ಕದಲ್ಲಿ ಇದು ಪ್ರಾಜೆಕ್ಟ್ 941. ಉದ್ದ ಸುಮಾರು 175 ಮೀಟರ್, ಅಗಲ 23 ಮೀಟರ್, ಮುಳುಗಿದಾಗ ಸುಮಾರು 48,000 ಟನ್. ಇದಕ್ಕಿಂತ ದೊಡ್ಡ ಸಬ್‌ಮರೀನ್ ಜಗತ್ತಿನಲ್ಲಿ ಯಾರೂ ಕಟ್ಟಿಲ್ಲ. ರಷ್ಯಾದ ಸೆವೆರೊದ್ವಿನ್ಸ್ಕ್ ಊರಿನಲ್ಲಿ ಇಂಥ ಆರು ಕಟ್ಟಿದರು, ಮೊದಲನೆಯದು 1981ರಲ್ಲಿ, ಕೊನೆಯದು 1989ರಲ್ಲಿ ನೌಕಾಪಡೆ ಸೇರಿತು. ಇದರೊಳಗೆ ಎರಡು ಟೈಟಾನಿಯಂ ಕೊಳವೆಗಳು ಅಕ್ಕಪಕ್ಕ ಮಲಗಿವೆ, ಅವುಗಳ ನಡುವೆ, ಸೇಲ್‌ಗಿಂತ ಮುಂದೆ, 20 ಕ್ಷಿಪಣಿಗಳು. ಅದಕ್ಕೇ ಬೆನ್ನು ಅಷ್ಟು ಅಗಲ, ಅಷ್ಟು ಚಪ್ಪಟೆ. ಮುಖ್ಯ ವಿಷಯ ಅಂದರೆ ಆರ್ಕ್ಟಿಕ್ ಮಂಜಿನ ಕೆಳಗೆ ಅಡಗಿಕೊಂಡು, ಬೇಕಾದಾಗ ಅದನ್ನು ಒಡೆದು ಮೇಲೆ ಬರುವ ಕೆಲಸಕ್ಕೂ ಸೇರಿಸಿಯೇ ಇದನ್ನು ಮಾಡಿದ್ದು. ಸೇಲ್ ಗಟ್ಟಿ, ಮುಂದಿನ ರೆಕ್ಕೆಗಳು ಒಳಗೆ ಸರಿಯುತ್ತವೆ, ಪ್ರೊಪೆಲ್ಲರ್‌ಗಳ ಸುತ್ತ ಉಂಗುರದಂಥ ಕವಚ ಇದೆ. ಮಂಜಿನ ದೃಶ್ಯಕ್ಕೆ ಇದಕ್ಕಿಂತ ಒಪ್ಪುವ ಸಬ್‌ಮರೀನ್ ನನಗೆ ಕಾಣುವುದಿಲ್ಲ.

ಕೊಳ್ಳುವಾಗ ಒಂದು ಎಚ್ಚರ. ಡಬ್ಬಿಯ ಮೇಲೆ ಅಕುಲಾ ಅಂತ ಇದ್ದರೆ ಅದು ಸಾಮಾನ್ಯವಾಗಿ ಬೇರೆ ಸಬ್‌ಮರೀನ್, ಪಾಶ್ಚಾತ್ಯರು ಅಕುಲಾ ಅನ್ನುವ ಪ್ರಾಜೆಕ್ಟ್ 971, ಇದಕ್ಕಿಂತ ತುಂಬಾ ಸಣ್ಣದು. ರಷ್ಯನ್ನರು 941ನ್ನೇ ಅಕುಲಾ ಅಂತ ಕರೆಯುವುದರಿಂದ ಆನ್‌ಲೈನ್‌ನಲ್ಲಿ ಹುಡುಕುವಾಗ ಎರಡೂ ಕಲಸಿಹೋಗುತ್ತವೆ.

ಕಿಟ್ ಜೋಡಿಸಿದ ಮೇಲೆ ಸುಮಾರು 50 ಸೆಂಟಿಮೀಟರ್ ಉದ್ದ, ಆರೂವರೆ ಸೆಂಟಿಮೀಟರ್ ಅಗಲ. ಸುತ್ತ ಮಂಜುಗಡ್ಡೆಗೆ ಜಾಗ ಬಿಡಬೇಕಲ್ವಾ, ಹಾಗಾಗಿ ಹಲಗೆ ಕನಿಷ್ಠ 65 ಸೆಂಟಿಮೀಟರ್ ಇರಲಿ. ಅಷ್ಟು ಜಾಗ ಮನೆಯಲ್ಲಿ ಇಲ್ಲದಿದ್ದರೆ ರೆವೆಲ್‌ನವರ 1/400 ಟೈಫೂನ್ ಇದೆ, ಅದು ಸುಮಾರು 44 ಸೆಂಟಿಮೀಟರ್‌ಗೆ ಮುಗಿಯುತ್ತದೆ. ಯುದ್ಧನೌಕೆಯ ಕಿಟ್‌ಗೆ ಹೋಲಿಸಿದರೆ ಸಬ್‌ಮರೀನ್ ಕಿಟ್‌ನಲ್ಲಿ ಬಿಡಿಭಾಗ ಕಡಿಮೆ, ಹೊಸಬರೂ ಜೋಡಿಸಬಹುದು. ಆಕಾರ ನನಗೆ ತುಂಬಾ ಹಿಡಿಸಿತು, ಆ ಅಗಲವಾದ ಬೆನ್ನಿನ ಗತ್ತು ಪ್ಲಾಸ್ಟಿಕ್‌ನಲ್ಲೂ ಉಳಿದಿದೆ. ಮುಂದಿನ ರೆಕ್ಕೆಗಳನ್ನು ಹೊರಗೆ ಚಾಚಿಸಿ ಅಂಟಿಸಬೇಡಿ. ಮಂಜು ಒಡೆಯುವಾಗ ಅವು ಒಳಗೇ ಇರುತ್ತವೆ.

ಮಾರಿದ ಅಂಗಡಿಯ ಬಗ್ಗೆ ಮಾತ್ರ ಬೇಜಾರಿದೆ. ತೆಳ್ಳಗಿನ ರಟ್ಟಿನಲ್ಲಿ ಸುಮ್ನೆ ಸುತ್ತಿ ಕಳಿಸಿದ್ದರು, ಡಬ್ಬಿಯ ಮೂಲೆ ಜಜ್ಜಿಹೋಗಿತ್ತು, ಒಂದು ಪೆರಿಸ್ಕೋಪ್ ಮುರಿದಿತ್ತು. ಫೋಟೋ ಕಳಿಸಿದರೂ ಉತ್ತರ ಬರಲಿಲ್ಲ. ಕಾದ ಸೂಜಿಯಿಂದ ತೂತು ಮಾಡಿ ಸಣ್ಣ ತಂತಿ ಕೂರಿಸಿದೆ, ಅದು ಪ್ಲಾಸ್ಟಿಕ್‌ಗಿಂತ ಚೆನ್ನಾಗೇ ಕಾಣುತ್ತದೆ. ಎಲ್ಲಿ ಕೊಂಡರೂ ಡಬಲ್ ರಟ್ಟಿನ ಪ್ಯಾಕಿಂಗ್ ಬೇಕು ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ.

ಈಗ ಮಂಜುಗಡ್ಡೆ. ನಾನು ನೋಡಿದ ಹೆಚ್ಚಿನ ಡಯೋರಾಮಾಗಳು ಸೋಲುವುದು ದಪ್ಪದಲ್ಲಿ. ಎರಡು ಇಂಚಿನ ಥರ್ಮೋಕೋಲ್ ಕತ್ತರಿಸಿ ಬಿಳಿ ಬಣ್ಣ ಬಳಿದುಬಿಡುತ್ತಾರೆ. 1/350ರಲ್ಲಿ ಎರಡು ಇಂಚು ಅಂದರೆ ಸುಮಾರು 18 ಮೀಟರ್ ದಪ್ಪದ ಮಂಜುಗಡ್ಡೆ! ಅದನ್ನು ಯಾವ ಸಬ್‌ಮರೀನೂ ಒಡೆಯುವುದಿಲ್ಲ. 2021ರ ಮಾರ್ಚ್‌ನಲ್ಲಿ ರಷ್ಯಾದ ಮೂರು ಕ್ಷಿಪಣಿ ಸಬ್‌ಮರೀನುಗಳು ಉಮ್ಕಾ-2021 ಅನ್ನುವ ಕವಾಯತಿನಲ್ಲಿ 300 ಮೀಟರ್ ತ್ರಿಜ್ಯದ ಜಾಗದೊಳಗೆ ಒಟ್ಟಿಗೆ ಮೇಲೆ ಬಂದವಲ್ಲ, ಅಲ್ಲಿ ಮಂಜು ಇದ್ದದ್ದು 1.5 ಮೀಟರ್. ಅದನ್ನು 350ರಿಂದ ಭಾಗಿಸಿದರೆ ನಾಲ್ಕು ಮಿಲಿಮೀಟರ್ ಚಿಲ್ಲರೆ. ಎರಡು ಮೀಟರ್ ಅಂದುಕೊಂಡರೂ ಆರು ಮಿಲಿಮೀಟರ್ ದಾಟುವುದಿಲ್ಲ. ಆ ಕವಾಯತಿನ ವಿಡಿಯೋ ಹೊರಗೆ ಬಂದಿದೆ, ಕೆಲಸ ಶುರು ಮಾಡುವ ಮುಂಚೆ ನಿಲ್ಲಿಸಿ ನಿಲ್ಲಿಸಿ ನೋಡಿ. ಥರ್ಮೋಕೋಲ್‌ಗೆ ಇನ್ನೊಂದು ತೊಂದರೆ ಇದೆ. ಮುರಿದ ಕಡೆ ಅದರ ಕಾಳು ಕಾಣುತ್ತದೆ, ಮೂರು ಮಿಲಿಮೀಟರ್‌ನ ಒಂದು ಕಾಳು ಈ ಅಳತೆಯಲ್ಲಿ ಒಂದು ಮೀಟರ್‌ನ ಗುಂಡು. ಸ್ಪ್ರೇ ಪೇಂಟ್ ಬಿದ್ದರೆ ಕರಗಿಯೂ ಹೋಗುತ್ತದೆ.

ನನ್ನ ಆಯ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಎಣ್ಣೆ ಸವರಿದ ತಟ್ಟೆಯಲ್ಲಿ ಐದು ಮಿಲಿಮೀಟರ್ ದಪ್ಪಕ್ಕೆ ಹೊಯ್ದು, ಪೂರ್ತಿ ಒಣಗಿದ ಮೇಲೆ ಕೈಯಿಂದಲೇ ಮುರಿಯಿರಿ. ಚಾಕು ಬೇಡ. ಮುರಿದ ಅಂಚು ಅಂಕುಡೊಂಕಾಗಿ, ಒಂದರಂತೆ ಇನ್ನೊಂದು ಇಲ್ಲದೆ ಬರುತ್ತದೆ, ಅದೇ ಬೇಕಾದದ್ದು. ಅಂಚಿಗೆ ಮಾತ್ರ ತುಂಬಾ ನೀರು ಮಾಡಿದ ನೀಲಿ-ಹಸಿರು ಬಣ್ಣ ಹೀರಿಸಿ, ಒಣಗಿದ ಮೇಲೆ ಹೊಳೆಯುವ ವಾರ್ನಿಷ್ ಕೊಡಿ. ಮೇಲಿನ ಮುಖ ಹೊಳೆಯಬಾರದು, ಅದು ಹಿಮ ಕೂತ ಜಾಗ. ಕೆಲವರು ಮೇಣ ಹೊಯ್ಯುತ್ತಾರೆ. ಬೆಳಕು ಒಳಗೆ ಇಳಿಯುವುದರಿಂದ ಅಂಚು ನಿಜವಾದ ಮಂಜಿನ ಹಾಗೇ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಮೇಣದ ಮೇಲೆ ಬಣ್ಣ ನಿಲ್ಲುವುದಿಲ್ಲ, ರಾಯಚೂರು ಕಲಬುರಗಿಯ ಬೇಸಿಗೆಯಲ್ಲಿ ಕಿಟಕಿ ಪಕ್ಕ ಇಟ್ಟರೆ ಮೆತ್ತಗಾಗಿ ಬಾಗುವ ಭಯವೂ ಇದೆ.

ಹಿಮಕ್ಕೆ ಅಡುಗೆ ಸೋಡಾ ಹಾಕಬೇಡಿ, ಕಾಲ ಕಳೆದಂತೆ ಹಳದಿಗೆ ತಿರುಗುತ್ತದೆ. ನಮ್ಮಲ್ಲಿ ಸುಲಭವಾಗಿ ಸಿಗುವ ಬಿಳಿ ರಂಗೋಲಿ ಪುಡಿ ಕಲ್ಲಿನ ಪುಡಿಯಲ್ವಾ, ಹಾಗಾಗಿ ಬಣ್ಣ ಕೆಡುವುದಿಲ್ಲ. ಹಾಗೇ ಹಾಕಿದರೆ ತರಿ ದಪ್ಪವಾಯಿತು, ತೆಳು ಪಂಚೆ ಬಟ್ಟೆಯಲ್ಲಿ ಜರಡಿ ಹಿಡಿದು ಬಂದ ನುಣ್ಣನೆ ಪುಡಿಯನ್ನು ಮಾತ್ರ ತಗೊಂಡು, ನೀರು ಬೆರೆಸಿದ ಫೆವಿಕಾಲ್ ಮೇಲೆ ಉದುರಿಸಿ. ಗಾಳಿ ಒಂದೇ ಕಡೆಯಿಂದ ಬೀಸಿದ ಹಾಗೆ ಒಂದು ಬದಿಗೆ ಸ್ವಲ್ಪ ಜಾಸ್ತಿ ಬೀಳಲಿ.

ಜೋಡಿಸುವಾಗ ನಿಜವಾದ ಸಬ್‌ಮರೀನ್ ಹೇಗೆ ಮೇಲೆ ಬರುತ್ತದೆ ಅನ್ನುವುದು ತಲೆಯಲ್ಲಿರಲಿ. ಅದು ಓಡಿಕೊಂಡು ಬಂದು ಮೂಗಿನಿಂದ ಗುದ್ದುವುದಿಲ್ಲ. ಮೇಲ್ಮುಖದ ಸೋನಾರ್‌ನಲ್ಲಿ (ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ಅಳೆಯುವ ಉಪಕರಣ) ತೆಳು ಮಂಜು ಹುಡುಕಿ, ಅಲ್ಲೇ ನಿಂತು, ಸಮತಟ್ಟಾಗಿ ಮೆಲ್ಲಗೆ ಏರಿ, ಸೇಲ್‌ನಿಂದ ಒತ್ತುತ್ತದೆ, ಆಮೇಲೆ ಟ್ಯಾಂಕ್‌ಗಳ ನೀರು ಹೊರಹಾಕಿ ಬೆನ್ನನ್ನು ಎತ್ತುತ್ತದೆ. ಅಮೆರಿಕದ ನಾಟಿಲಸ್ ಸಬ್‌ಮರೀನ್ 1958ರ ಆಗಸ್ಟ್ 3ರಂದು ಉತ್ತರ ಧ್ರುವದ ಕೆಳಗೆ ಹಾದುಹೋಯಿತು, ಅಲ್ಲಿ ಮೇಲೆ ಬರಲಿಲ್ಲ. ಧ್ರುವದಲ್ಲೇ ಮೊದಲು ಮಂಜು ಒಡೆದು ಎದ್ದದ್ದು ಅಮೆರಿಕದ್ದೇ ಇನ್ನೊಂದು ಸಬ್‌ಮರೀನ್ ಸ್ಕೇಟ್, 1959ರ ಮಾರ್ಚ್ 17ರಂದು. ಅದರ ಫೋಟೋಗಳಲ್ಲೂ ಸಬ್‌ಮರೀನ್ ನೆಟ್ಟಗೆ ಮಲಗಿದೆ. ಹಾಗಾಗಿ ಮೂಗು ಮೇಲೆತ್ತಿದ ಭಂಗಿ ಬೇಡ, ಹಿಂದೆ ನೀರಿನ ಅಲೆಯೂ ಬೇಡ. ಸೇಲ್ ಮತ್ತು ಬೆನ್ನಿನ ಅಂಚಿಗೆ ಚಪ್ಪಡಿಗಳು ಓರೆಯಾಗಿ ಒರಗಿರಲಿ, ಕೆಲವು ಬೆನ್ನಿನ ಮೇಲೇ ಕೂತಿರಲಿ. ಸುತ್ತ ಐಸ್‌ಬರ್ಗ್ ನಿಲ್ಲಿಸುವ ಆಸೆ ಬಂದರೆ ತಡೆಯಿರಿ. ಅದು ಹಿಮನದಿಯಿಂದ ಒಡೆದು ಬರುವಂಥದ್ದು, ಸಬ್‌ಮರೀನ್ ಒಡೆಯುವುದು ಸಮುದ್ರದ ನೀರೇ ಹೆಪ್ಪುಗಟ್ಟಿದ ಸಮತಟ್ಟು ಹಾಸನ್ನು. ಪೆಂಗ್ವಿನ್ ಅಂತೂ ಇಲ್ಲಿ ಇಲ್ಲವೇ ಇಲ್ಲ. ಬಿಳಿ ಕರಡಿ ಇಡಬಹುದು, ಏಳು ಮಿಲಿಮೀಟರ್ ಮೀರದಂತೆ. ನಾವಿಕರು ಐದು ಮಿಲಿಮೀಟರ್.

ಚಪ್ಪಡಿಗಳ ನಡುವಿನ ನೀರು ಕಪ್ಪಗಿರಬೇಕು, ನೀಲಿಯಲ್ಲ. ಹಲಗೆಗೆ ಕಪ್ಪು-ನೀಲಿ ಬಳಿದು, ವುಡ್‌ಲ್ಯಾಂಡ್ ಸೀನಿಕ್ಸ್ ಕಂಪನಿಯ ರಿಯಲಿಸ್ಟಿಕ್ ವಾಟರ್ (ಒಣಗಿದ ಮೇಲೆ ನೀರಿನಂತೆ ಕಾಣುವ ದ್ರವ) ತೆಳುವಾಗಿ ಹೊಯ್ದೆ. ಒಂದು ಸಲಕ್ಕೆ ಮೂರು ಮಿಲಿಮೀಟರ್ ಮಾತ್ರ, ಒಂದು ದಿನ ಪೂರ್ತಿ ಒಣಗಬೇಕು. ಬೆರೆಸುವ ತಾಪತ್ರಯ ಇಲ್ಲ, ಬಿಸಿಯೂ ಆಗುವುದಿಲ್ಲ. ಎರಡು ಬಾಟಲಿಯ ದ್ರವ ಬೆರೆಸಿ ಗಟ್ಟಿ ಮಾಡುವ ಎಪಾಕ್ಸಿಯನ್ನು ದಪ್ಪಗೆ ಹೊಯ್ದರೆ ಬಿಸಿಗೆ ಪ್ಲಾಸ್ಟಿಕ್ ಬಾಗಬಹುದು, ಮಳೆಗಾಲದ ತೇವದಲ್ಲಿ ಮೇಲ್ಮೈ ಅಂಟಂಟಾಗಿ ಉಳಿಯುವುದೂ ಇದೆ.

ಬಣ್ಣಕ್ಕೆ ಬಂದರೆ, ಅಪ್ಪಟ ಕಪ್ಪು ಹೊಡೆದರೆ ಗೆರೆ, ಮುಚ್ಚಳ ಎಲ್ಲ ಮಾಯವಾಗುತ್ತವೆ. ಕಪ್ಪಿಗೆ ಸ್ವಲ್ಪ ಬೂದು ಸೇರಿಸಿ, ಮ್ಯಾಟ್ ವಾರ್ನಿಷ್ ಕೊಟ್ಟು, ಈಗಷ್ಟೇ ನೀರಿನಿಂದ ಎದ್ದ ಬೆನ್ನಿನ ಬದಿಗಳಿಗೆ ಮಾತ್ರ ಹೊಳಪು ಕೊಡಿ. ಕ್ಷಿಪಣಿಯ ಮುಚ್ಚಳ ತೆರೆದು ತೋರಿಸುವವರು ಅದರ ಸುತ್ತಲಿನ ಚಪ್ಪಡಿಗಳನ್ನು ತೆಗೆದು, ಪಕ್ಕದಲ್ಲಿ ಸಲಿಕೆ ಹಿಡಿದ ಒಬ್ಬಿಬ್ಬರನ್ನು ನಿಲ್ಲಿಸಿ.